ಕರೆಂಟ್ ಹೋದಾಗ ಸರ್ವರ್ ಮಲಗಿಸುವುದು

ಕರೆಂಟ್ ಹೋದಾಗ ಮನುಷ್ಯನ ನಿಜವಾದ ಸ್ವಭಾವ ಹೊರಗೆ ಬರುತ್ತದೆ ಎಂದು ನಾನು ನಂಬಿದ್ದೇನೆ. ಕೆಲವರು ಸುಮ್ಮನೆ ಎದ್ದು ಜಗಲಿಗೆ ಹೋಗಿ ಗಾಳಿಗೆ ಕೂರುತ್ತಾರೆ. ಕೆಲವರು ಲೈನ್‌ಮನ್ನಿನ ಮನೆತನವನ್ನೆಲ್ಲ ನೆನೆದು ಬೈಯುತ್ತಾರೆ. ಇನ್ನು ನಮ್ಮಾಕೆಯಂಥವರು, “ಸದ್ಯ, ಟೀವಿ ಬಾಯಿ ಮುಚ್ಚಿತು” ಎಂದು ನೆಮ್ಮದಿಯಾಗಿ ಅವರೆಕಾಯಿ ಬಿಡಿಸುತ್ತಾರೆ. ಒಂದು ಕಾಲದಲ್ಲಿ ನಾನೂ ಕರೆಂಟ್ ಹೋದರೆ ಖುಷಿಪಡುವ ಪೈಕಿಯೇ. ಆಫೀಸಿನಲ್ಲಿ ಫ್ಯಾನ್ ನಿಂತಿತೆಂದರೆ ಎದುರಿನ ಟೀ ಅಂಗಡಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಈಗ ಆ ಸುಖ ಹೋಯಿತು. ಬಿಳಿಗಿರಿರಂಗನ ಬೆಟ್ಟದ ಕಡೆ ಒಂದು ಮೋಡ ಕಪ್ಪಗಾದರೆ ಸಾಕು, ಇಲ್ಲಿ ಕೊಳ್ಳೇಗಾಲದಲ್ಲಿ ನನ್ನ ಹೊಟ್ಟೆಯೊಳಗೆ ಗುಡುಗು ಶುರುವಾಗುತ್ತದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಊರಿನ ರೈತರೆಲ್ಲ ಮುಖ ಅರಳಿಸಿಕೊಂಡು ಆಕಾಶ ನೋಡುವಾಗ ನಾನೊಬ್ಬ ಮಾತ್ರ ಸಾಲ ಕೊಟ್ಟವನು ಎದುರಿಗೆ ಬಂದ ಹಾಗೆ ಆ ಕಡೆಯಿಂದ ಮುಖ ತಿರುಗಿಸುತ್ತೇನೆ.

ಇದಕ್ಕೆಲ್ಲ ಕಾರಣ ನಮ್ಮ ಸರ್ವರ್. ಹೋಟೆಲ್ಲಿನಲ್ಲಿ ಇಡ್ಲಿ ತಂದಿಡುವ ಸರ್ವರ್ ಅಲ್ಲ. ಅವನಾದರೆ ಕರೆಂಟ್ ಹೋದರೂ ಓಡಾಡುತ್ತಿರುತ್ತಾನೆ. ಇದು ಕಂಪ್ಯೂಟರಿನ ಸರ್ವರ್. ನಾನು ಕೊಳ್ಳೇಗಾಲದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮ್ಯಾನೇಜರು. ಹನೂರಿನಲ್ಲಿ, ಯಳಂದೂರಿನಲ್ಲಿ ನಮ್ಮದೊಂದೊಂದು ಶಾಖೆ. ಅಲ್ಲಿ ರಕ್ತ ತೆಗೆದು ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕುತ್ತಾರೆ, ಇಲ್ಲಿ ಪರೀಕ್ಷೆ ಮಾಡುತ್ತೇವೆ. ಮೂರೂ ಊರಿನವರ ಸಕ್ಕರೆ, ಉಪ್ಪು, ಕೊಬ್ಬಿನ ಲೆಕ್ಕವೆಲ್ಲ ಹಿಂದಿನ ಕೋಣೆಯಲ್ಲಿರುವ ಆ ಕರಿಯ ಪೆಟ್ಟಿಗೆಯ ಹೊಟ್ಟೆಯೊಳಗೆ. ಮೊದಲು ಅದು ಪೊರಕೆ, ಬಕೆಟ್ಟು, ಮುರಿದ ಕುರ್ಚಿ ಇಡುವ ಕೋಣೆಯಾಗಿತ್ತು. ಸರ್ವರ್ ಬಂದ ಮೇಲೆ ಬಕೆಟ್ಟಿಗೆ ಜಾಗ ಹೋಯಿತು, ಪೊರಕೆ ಮಾತ್ರ ಬಾಗಿಲ ಹಿಂದೆ ಹಾಗೇ ಉಳಿದಿದೆ. ಆಯುಧಪೂಜೆಯ ದಿನ ಹಚ್ಚಿದ ಅರಿಸಿನ ಕುಂಕುಮ ಸರ್ವರಿನ ಹಣೆಯ ಮೇಲೆ ವರ್ಷವಿಡೀ ಇರುತ್ತದೆ. ಒರೆಸಲು ಯಾರಿಗೂ ಧೈರ್ಯವಿಲ್ಲ.

ಈ ಸರ್ವರಿಗೆ ಒಂದು ಕೆಟ್ಟ ಗುಣ. ಅದು ಇದ್ದಕ್ಕಿದ್ದಂತೆ ಆರಿಹೋಗಬಾರದು. ಹೋದರೆ ಒಳಗಿರುವುದೆಲ್ಲ ಕಲಸಿಹೋಗುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿ ಸ್ವಲ್ಪ ಹೊತ್ತು ಜೀವ ಹಿಡಿದುಕೊಂಡಿರುತ್ತದೆ. ಅಷ್ಟರೊಳಗೆ ನಾವು ಅದನ್ನು ಕ್ರಮವಾಗಿ ಮಲಗಿಸಬೇಕು. ಹನೂರಿನವರೂ ಯಳಂದೂರಿನವರೂ ತಮ್ಮ ಊರಿನ ಕಂಪ್ಯೂಟರಿನಿಂದಲೇ ಇದರೊಳಗೆ ಬಂದು ಹೆಸರು ಬರೆಯುತ್ತಿರುತ್ತಾರೆ, ಅಲ್ಲೂ ಒಂದೊಂದು ಯುಪಿಎಸ್ ಇದೆ. ಮೊದಲು ಅವರು ತಮ್ಮ ಕೆಲಸ ಉಳಿಸಿ ಹೊರಗೆ ಬರಬೇಕು. ಆಮೇಲೆ ನಾವು ರಿಪೋರ್ಟಿನ ಪ್ರೋಗ್ರಾಂ ಮುಚ್ಚಬೇಕು. ಕೊನೆಗೆ ಸರ್ವರ್. ಅವರು ಒಳಗಿರುವಾಗಲೇ ನಾವು ಮುಚ್ಚಿದರೆ, ಮನೆಯೊಳಗೆ ನೆಂಟರಿರುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋದ ಹಾಗೆ. ಇಷ್ಟೇ ವಿಷಯ. ಬಾಯಲ್ಲಿ ಹೇಳಲು ಎಷ್ಟು ಸುಲಭ ನೋಡಿ!

ಹಿಂದಿನ ಮಳೆಗಾಲದಲ್ಲಿ ಒಮ್ಮೆ ಅದು ಪಟ್ಟೆಂದು ಆರಿಹೋಯಿತು. ಎಷ್ಟೋ ಜನರ ರಿಪೋರ್ಟು ಮಾಯ. ಅಷ್ಟು ಹೊತ್ತಿಗೆ ತೆಗೆದ ರಕ್ತವನ್ನೂ ಚೆಲ್ಲಿಯಾಗಿತ್ತು. ಎಲ್ಲರನ್ನೂ ಮತ್ತೆ ಕರೆಸಿ ಮತ್ತೆ ಚುಚ್ಚಬೇಕಾಯಿತು. ಹನೂರಿನ ಆಚೆಯಿಂದ ಬಂದ ಒಬ್ಬ ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮೇಜಿನ ಮುಂದೆ ನಿಂತು, “ಅಲ್ಲ ಕಣಪ್ಪಾ, ಮೊನ್ನೆ ತಕ್ಕಂಡ್ರಲ್ಲ ರಕ್ತ, ಅದ್ನ ಏನ್ ಮಾಡ್ಕಂಡ್ರಿ? ಕುಡುದ್ಬುಟ್ರಾ?” ಎಂದು ಕೇಳಿದಳು. ನಾನು ಸರ್ವರ್ ಎಂದರೇನು ಎಂದು ವಿವರಿಸಲು ಹೋದೆ. “ಅದ್ಕೇ ಅಷ್ಟು ದಪ್ಪಗಾಗಿದ್ದೀರಿ” ಎಂದು ನನ್ನ ಹೊಟ್ಟೆ ನೋಡಿ, ಸೂಜಿಗೆ ತೋಳು ಚಾಚಿದಳು. ಅಂದಿನಿಂದ ನಮ್ಮ ಡಾಕ್ಟರಮ್ಮನವರು, ಅಂದರೆ ಲ್ಯಾಬಿನ ಒಡತಿ, ಮಹಡಿಯ ಮೇಲೇ ಅವರ ಮನೆ, ಒಂದು ಕಟ್ಟಪ್ಪಣೆ ಮಾಡಿದರು. “ಇನ್ನು ಮೇಲೆ ನಮ್ಮಿಂದಾಗಿ ಯಾರಿಗೂ ಎರಡನೇ ಸಲ ಸೂಜಿ ಚುಚ್ಚಬಾರದು. ಸರ್ವರ್ ಜವಾಬ್ದಾರಿ ನಿಮ್ಮದು ಕಣ್ರೀ.” ಅಂದಿನಿಂದ ನನ್ನ ನೆಮ್ಮದಿಗೂ ಎಳ್ಳುನೀರು.

ಇನ್ನು ನಮ್ಮ ಕಡೆಯವರ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಕರೆಂಟ್ ಹೋದ ತಕ್ಷಣ ನಾವು ದೀಪ ಹುಡುಕುವುದಿಲ್ಲ. ಪಕ್ಕದವರಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ವಿಚಾರಿಸುತ್ತೇವೆ. ಮೊದಲು ಎದುರು ಮನೆ, ಆಮೇಲೆ ಮುಂದಿನ ಬೀದಿ, ಆಮೇಲೆ ಫೋನು ತೆಗೆದು ಮುಂದಿನ ಊರು. “ನಿಮ್ಮಲ್ಲಿ ಕರೆಂಟ್ ಅದಾ?” ಅವರಲ್ಲೂ ಇಲ್ಲ ಎಂದರೆ ಅದೇನೋ ಸಮಾಧಾನ, ಬೆವರು ಕೂಡ ಅರ್ಧಕ್ಕರ್ಧ ನಿಂತುಹೋಗುತ್ತದೆ. ಇದೆ ಎಂದರೆ ಎದೆಯಲ್ಲಿ ಉರಿ. ಯಳಂದೂರಿನಲ್ಲಿ ಇದ್ದು ಕೊಳ್ಳೇಗಾಲದಲ್ಲಿ ಇಲ್ಲ ಎಂದರೆ ಏನು ಅನ್ಯಾಯ ಸ್ವಾಮಿ! ತಿಳಿದುಕೊಂಡು ಮಾಡುವುದೇನು ಎಂದು ಮಾತ್ರ ಕೇಳಬೇಡಿ. ಸುಮ್ಮನೆ ತಿಳಿದುಕೊಳ್ಳುವುದು. ನನ್ನ ಮಾವನವರಂತೂ ಕರೆಂಟ್ ಹೋದರೆ ಮಹದೇಶ್ವರ ಬೆಟ್ಟದಲ್ಲಿರುವ ಷಡ್ಡಕನಿಗೆ ಫೋನ್ ಮಾಡುತ್ತಾರೆ. ಬೇರೆ ದಿನ ಅವರಿಬ್ಬರಿಗೂ ಮಾತೇ ಇಲ್ಲ.

ಆ ದಿನ ಮಧ್ಯಾಹ್ನ ಬೆಟ್ಟದ ಕಡೆಯಿಂದ ಗಾಳಿ ಎದ್ದಾಗ ನನ್ನ ಎದುರಿಗೆ ಮುಳ್ಳೂರಿನ ಸಿದ್ದರಾಜು ಕೂತಿದ್ದ. ಅವನ ಹೆಂಡತಿ ಮಾದಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ಮಾರನೆಯ ದಿನ ಮೈಸೂರಿನಲ್ಲಿ ಆಪರೇಷನ್. ಬೆಳಿಗ್ಗೆ ನಮ್ಮ ರಕ್ತದ ರಿಪೋರ್ಟು ಹಿಡಿದುಕೊಂಡೇ ಆಸ್ಪತ್ರೆಗೆ ಸೇರಬೇಕು, ಅದೂ ಸಹಿ ಸೀಲು ಇರುವ ಕಾಗದವೇ ಬೇಕು ಎಂದು ಅಲ್ಲಿಯವರು ಹೇಳಿ ಕಳಿಸಿದ್ದರು. ಈ ಮಾದಮ್ಮ ಗದ್ದೆಯಲ್ಲಿ ನಾಗರಹಾವು ಕಂಡರೂ ಹೆದರದ ಹೆಂಗಸಂತೆ. ಸೂಜಿ ಎಂದರೆ ಮಾತ್ರ ಕೈಕಾಲು ತಣ್ಣಗಾಗುತ್ತದೆ. ಆ ದಿನ ಬೆಳಿಗ್ಗೆ ರಕ್ತ ಕೊಡಲು ಬಂದವಳು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಓಡಿಹೋಗಿ, ಗಂಡ ಹಿಂದಿನಿಂದ ಓಡಿ ಕರೆತಂದು, ನಮ್ಮ ಶೋಭಾ ಪೂಸಿ ಹೊಡೆದು ಹೇಗೋ ಒಂದು ಸಲ ಚುಚ್ಚಿದ್ದಳು. ಶೋಭಾ ನಮ್ಮ ಟೆಕ್ನಿಷಿಯನ್ನು. ಆ ಹುಡುಗಿಯ ಕೈ ಬಹಳ ಹಗುರ.

“ಬ್ಯಾಗ ಕೊಟ್ಬುಡಿ ಸಾ” ಎಂದ ಸಿದ್ದರಾಜು ಹೊರಗಿನ ಗಾಳಿ ನೋಡುತ್ತಾ. “ಇನ್ನೊಂದ್ ಸಲ ರಕ್ತ ಗಿಕ್ತ ಅಂದ್ರೆ ನನ್ನೆಂಡ್ರು ಬರಾಕಿಲ್ಲ. ಆಪರೇಸನ್ನೂ ಬ್ಯಾಡ, ಏನೂ ಬ್ಯಾಡ, ಕಲ್ಲು ಅದ್ರ ಪಾಡ್ಗೆ ಇರ್ಲಿ ಅಂದ್ಬುಡ್ತಾಳೆ. ರಾತ್ರಿಯೆಲ್ಲ ಒಟ್ಟೆ ಇಡ್ಕಂಡು ಒದ್ದಾಡ್ತಾಳೆ ಸಾ, ನೋಡಾಕಾಗಲ್ಲ.”

“ಎಲ್ಲಾ ರೆಡಿ ಆಗಿದೆ ಕಣಪ್ಪಾ, ಡಾಕ್ಟರಮ್ಮನೂ ನೋಡಿ ಒಪ್ಪಿದ್ದಾರೆ. ಪ್ರಿಂಟ್ ತೆಗೆಯುವುದೊಂದೇ ಬಾಕಿ” ಎಂದು ನಾನು ಗತ್ತಿನಿಂದ ಬಟನ್ ಒತ್ತಿದೆ. ಪ್ರಿಂಟರು ಒಂದು ಸಲ ಗೊರ್ರ್ ಎಂದು ಗಂಟಲು ಸರಿಮಾಡಿಕೊಂಡಿತು. ಅಷ್ಟರಲ್ಲಿ ಕರೆಂಟ್ ಹೋಯಿತು.

ಹಿಂದಿನ ಕೋಣೆಯಿಂದ ಯುಪಿಎಸ್ ‘ಕುಂಯ್’ ಎಂದು ಕೂಗತೊಡಗಿತು. ಒಂದು ಕೂಗು, ಸ್ವಲ್ಪ ಸುಮ್ಮನೆ, ಮತ್ತೊಂದು ಕೂಗು. ಈ ಕೂಗನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಮನುಷ್ಯರ ಮೇಲೆ ಯಾವ ಜನ್ಮದ ದ್ವೇಷವೋ ಕಾಣೆ. ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ಮೊದಲು ಶಾಖೆಗಳಿಗೆ ಫೋನ್ ಮಾಡಬೇಕು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಇದ್ದೆ; ಬೆರಳು ಮಾತ್ರ ತನ್ನ ಪಾಡಿಗೆ ತಾನು ಮನೆಯ ನಂಬರ್ ಒತ್ತಿತ್ತು. “ಲೇ, ಮನೇಲಿ ಕರೆಂಟ್ ಇದೆಯೇನೇ?” ಎಂದೆ. “ಇಲ್ಲಾರೀ. ಸರ್ವರ್ ನೋಡೋದು ಬಿಟ್ಟು ನಮ್ಮನೆ ಕರೆಂಟ್ ಕಟ್ಕೊಂಡು ನಿಮಗೇನು?” ಎಂದಳು. ಮನೆಯಲ್ಲೂ ಇಲ್ಲ ಎಂದು ಕೇಳಿ ಅಂಥಾ ಹೊತ್ತಿನಲ್ಲೂ ಒಂದು ಗುಟುಕು ಸಮಾಧಾನವಾಯಿತು. ನಾಚಿಕೆಗೆಟ್ಟ ಮನಸ್ಸು!

ಹನೂರಿಗೆ ಮಾಡಿದೆ. ಅಲ್ಲಿ ಭಾಗ್ಯ ಎಂಬ ಹುಡುಗಿ ಇದ್ದಾಳೆ, ಬಹಳ ಚುರುಕು. ‘ನೀವು ಕರೆ ಮಾಡುತ್ತಿರುವ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ’ ಎಂದಿತು. ಯಳಂದೂರಿನ ನಂಜುಂಡಸ್ವಾಮಿಗೆ ಮಾಡಿದೆ. ಅವನೂ ನಿರತ. ಮತ್ತೆ ಹನೂರು, ನಿರತ. ಮತ್ತೆ ಯಳಂದೂರು, ನಿರತ. ಯಾವುದರಲ್ಲಿ ನಿರತರಾಗಿದ್ದಾರೆ ಎಂದು ಯೋಚಿಸಿದರೆ ಗೊತ್ತಾಗುವುದಿಲ್ಲವೇ? ಹನೂರಿನವಳು ಯಳಂದೂರಿನವನನ್ನು ‘ನಿಮ್ಮಲ್ಲಿ ಅದಾ’ ಎಂದು ಕೇಳುತ್ತಿದ್ದಾಳೆ, ಅವನು ‘ನಿಮ್ಮಲ್ಲಿ ಅದಾ’ ಎಂದು ಅವಳನ್ನು ಕೇಳುತ್ತಿದ್ದಾನೆ. ಈ ಮಧ್ಯೆ ನನ್ನ ಫೋನು ಬಡಿದುಕೊಂಡಿತು. ಇವರೇ ಇರಬೇಕೆಂದು ಹಾರಿಬಿದ್ದು ತೆಗೆದೆ. ಮಾವನವರು! “ಅಳಿಯಂದ್ರೇ, ಪೇಟೇಲಿ ಕರೆಂಟ್ ಅದಾ?” ಎಂದರು. ಹಿರಿಯರು, ಬೈಯುವ ಹಾಗಿಲ್ಲ. ಇಲ್ಲ ಮಾವ ಎಂದೆ. “ಬೆಟ್ಟದಲ್ಲೂ ಇಲ್ವಂತೆ” ಎಂದು ಸಂತೋಷವಾಗಿ ಹೇಳಿ, ಕುಂತೂರಿನ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರ್ ಮೇಲೆ ಕೊಂಬೆ ಬಿದ್ದಿರುವ ಸುದ್ದಿಯನ್ನೂ ಕೊಂಬೆಯ ಗಾತ್ರ ಸಮೇತ ತಿಳಿಸಿದರು.

ಅಷ್ಟರಲ್ಲಿ ಯುಪಿಎಸ್ ಕೂಗು ಜೋರಾಯಿತು. ಬ್ಯಾಟರಿ ಇಷ್ಟು ಬೇಗ ಇಳಿಯಲು ಕಾರಣವೇನೆಂದು ಓಡಿಹೋಗಿ ನೋಡಿದರೆ, ಅದರ ಉದ್ದನೆಯ ಪ್ಲಗ್ ಪಟ್ಟಿಯ ತುಂಬ ಮೊಬೈಲುಗಳು ನೇತಾಡುತ್ತಿವೆ! ಕಾಯುತ್ತಾ ಕೂತಿದ್ದವರು ಬೆಳಿಗ್ಗೆಯಿಂದ ಒಬ್ಬೊಬ್ಬರಾಗಿ ಬಂದು, “ಒಸಿ ಚಾರ್ಜಿಗಾಕ್ಲಾ ಸಾ?” ಎಂದು ಕೇಳಿದ್ದರು, ನಾನು ಒಬ್ಬೊಬ್ಬರಿಗೂ “ಹಾಕ್ಕೊಳಪ್ಪಾ” ಎಂದಿದ್ದೆ. ಬಾಯಾರಿದವರಿಗೆ ನೀರು ಇಲ್ಲ ಅನ್ನಲಾಗುತ್ತದೆಯೇ? ಈಗ ಮೊಬೈಲೂ ಹಾಗೇ. “ಎಲ್ಲರೂ ಕಿತ್ಕೊಳ್ಳಿ!” ಎಂದು ಕಿರುಚಿದೆ. “ನಂದು ಈಗ್ತಾನೆ ಮೇಲೆದ್ದದೆ ಸಾ” ಎಂದರೊಬ್ಬರು. “ಹೊಲದಿಂದ ಮಗ ಪೋನ್ ಮಾಡ್ತಾನೆ, ಒಂದ್ ಕಡ್ಡಿ ಏರ್ಲಿ ಸಾ” ಎಂದರು ಇನ್ನೊಬ್ಬರು. ನನಗೆ ತಡೆಯಲಾರದ ಸಿಟ್ಟು ಬಂತು. ವಿದ್ಯುತ್ತನ್ನು ಹಿತಮಿತವಾಗಿ ಬಳಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸ್ವಾತಂತ್ರ್ಯ ದಿನಾಚರಣೆಯ ಧಾಟಿಯಲ್ಲಿ ಒಂದು ಭಾಷಣವನ್ನೇ ಬಿಗಿದೆ. ಜನ ಸುಮ್ಮನೆ ನನ್ನನ್ನೇ ನೋಡುತ್ತಿದ್ದರು. ನನ್ನ ಮಾತು ನಾಟಿತೆಂದುಕೊಂಡೆ. ಅವರು ನೋಡುತ್ತಿದ್ದುದು ನನ್ನ ತಲೆಯ ಮೇಲಿದ್ದ ಅಳಿದುಳಿದ ಕೂದಲನ್ನು. ಅದು ಪಟಪಟ ಹಾರಾಡುತ್ತಿತ್ತು. ಇಡೀ ಕೊಳ್ಳೇಗಾಲದಲ್ಲಿ ಫ್ಯಾನ್ ನಿಂತಿದ್ದರೂ ನನ್ನ ಮೇಜಿನ ಫ್ಯಾನ್ ಮಾತ್ರ ಯುಪಿಎಸ್ ಲೈನಿನಲ್ಲಿ ಭರ್ಜರಿಯಾಗಿ ತಿರುಗುತ್ತಿತ್ತು. ಶೋಭಾ ಬಂದು ಅದರ ಪ್ಲಗ್ ಕಿತ್ತಳು. ಆಮೇಲೆ ಎಲ್ಲರೂ ತಮ್ಮ ತಮ್ಮ ಮೊಬೈಲ್ ಕಿತ್ತುಕೊಂಡರು.

“ಸಾ, ನಮ್ಮ ಕಾಗ್ದ?” ಎಂದ ಸಿದ್ದರಾಜು. ಅವನ ಧ್ವನಿ ಸಣ್ಣಗಾಗಿತ್ತು.

ಅದೇ ನೋಡಿ ಫಜೀತಿ. ಪ್ರಿಂಟರಿಗೆ ಯುಪಿಎಸ್ ಸಂಪರ್ಕವಿಲ್ಲ. ಅದು ಆನೆಯ ಹಾಗೆ ಕರೆಂಟ್ ಎಳೆಯುವ ಪ್ರಾಣಿ. ಯುಪಿಎಸ್‌ಗೆ ಚುಚ್ಚಿದರೆ ಯುಪಿಎಸ್ಸೇ ಮಗುಚಿಕೊಂಡು, ಸರ್ವರ್ ಪಟ್ಟೆಂದು ಆರಿ, ಮೂರು ಊರಿನವರ ರಿಪೋರ್ಟೂ ಹೋದೀತು. ಚುಚ್ಚದೆ ಸರ್ವರ್ ಮಲಗಿಸಿದರೆ ಕರೆಂಟ್ ಬರುವವರೆಗೂ ಮಾದಮ್ಮನ ರಿಪೋರ್ಟು ಒಳಗೇ. ಇಂಥಾ ಗಾಳಿಗೆ ಕರೆಂಟು ಇವತ್ತು ಬರುತ್ತದೋ ನಾಳೆ ಬರುತ್ತದೋ ಯಾರಿಗೆ ಗೊತ್ತು? ಒಂದು ಕಡೆ ಮೂರು ಊರು, ಒಂದು ಕಡೆ ಈ ಹೆಂಗಸಿನ ಹೊಟ್ಟೆನೋವು. ನಾನು ಸರ್ವರ್ ಕೋಣೆಗೂ ಮೇಜಿಗೂ ನಡುವೆ ಬಾಲ ಸುಟ್ಟ ಬೆಕ್ಕಿನಂತೆ ಓಡಾಡಿದೆ. ಸಿದ್ದರಾಜು ನಾನು ಹೋದ ಕಡೆಯೆಲ್ಲ ಕತ್ತು ತಿರುಗಿಸುತ್ತಾ ಕೂತಿದ್ದ. ನಿಜ ಹೇಳುತ್ತೇನೆ, ನನಗೆ ಅಳುವೇ ಬಂದಂತಾಯಿತು.

ಆಗ ಹೊಳೆಯಿತು. ಪ್ರಿಂಟರು ಇಲ್ಲದಿದ್ದರೇನು, ಕೈ ಇಲ್ಲವೇ? ಪರದೆಯ ಮೇಲೆ ಅಂಕಿಗಳು ಇನ್ನೂ ಕಾಣುತ್ತಿವೆ. ಲ್ಯಾಬಿನ ಹೆಸರಿರುವ ಕಾಗದದ ಮೇಲೆ ಬರೆದು, ಡಾಕ್ಟರಮ್ಮನ ಸಹಿ ಸೀಲು ಹಾಕಿಸಿದರೆ ಮುಗಿಯಿತು! ನಮ್ಮ ಹಿರಿಯರೆಲ್ಲ ಹಾಗೇ ತಾನೇ ಮಾಡಿದ್ದು? ನನ್ನ ಬುದ್ಧಿಗೆ ನಾನೇ ಬೆರಗಾದೆ. ಶೋಭಾ ಕೈ ಚಾಚಿ, “ಕೊಡಿ ಸಾರ್, ನಾನು ಬರೀತೀನಿ. ನೀವು ಆ ಕಡೆ ಫೋನ್ ನೋಡ್ಕೊಳಿ” ಎಂದಳು. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತದೆ. ಆದರೆ ಉಪಾಯ ನನ್ನದು, ಹೆಸರು ಅವಳಿಗೆ ಹೋಗುವುದೇ? “ಇದಕ್ಕೆಲ್ಲ ಅನುಭವ ಬೇಕಮ್ಮಾ. ನೀನು ಫೋನ್ ಮಾಡು” ಎಂದು ಪೆನ್ನು ತೆಗೆದೆ.

ಪೆನ್ನು ಹಿಡಿದು ಎಷ್ಟು ಕಾಲವಾಗಿತ್ತೋ. ಈಚೆಗೆ ನಾನು ಕೈಯಾರೆ ಬರೆಯುವುದು ಸಹಿ ಮಾತ್ರ, ಅದರಲ್ಲೂ ಕೊನೆಯ ಅರ್ಧ ಬರೆಯುವುದಿಲ್ಲ. ಯುಪಿಎಸ್ ಕೂಗಿದಾಗಲೆಲ್ಲ ಕೈ ಒಮ್ಮೆ ಎಗರುತ್ತಿತ್ತು. ಕೂಗು ಬಿರುಸಾದಂತೆ ಬರಹವೂ ಬಿರುಸಾಯಿತು. ಪಕ್ಕದಲ್ಲಿ ಶೋಭಾ ಯಳಂದೂರನ್ನು ಹಿಡಿದಿದ್ದಳು. ಅಲ್ಲಿಂದ ನಂಜುಂಡಸ್ವಾಮಿ ಎಲ್ಲರಿಗೂ ಕೇಳುವ ಹಾಗೆ, “ಅಲ್ಲಿ ಕರೆಂಟ್ ಅದಾ ಮೇಡಂ? ಇಲ್ಲ ಬುಡಿ, ಇಲ್ಲೂ ಇಲ್ಲ. ಇನ್ನೊಂದೇ ಒಂದು ಹೆಸ್ರು ಅದ, ಬರ್ದಾಕ್ಬುಟ್ಟು ಮುಚ್ತೀನಿ” ಎನ್ನುತ್ತಿದ್ದ. ನಾನು ಇಲ್ಲಿಂದಲೇ, “ಪುಣ್ಯಾತ್ಮ, ಈಗಲೇ ಮುಚ್ಚೋ!” ಎಂದು ಅಬ್ಬರಿಸಿದೆ. ಮುಚ್ಚಿದ. ಅಷ್ಟರಲ್ಲಿ ಹನೂರಿನ ಭಾಗ್ಯ ಶೋಭಾಳ ಫೋನಿಗೇ ಬಂದಳು. “ಅಕ್ಕಾ, ನಾನು ಕರೆಂಟ್ ಓದೇಟ್ಗೇ ಎಲ್ಲಾ ಮುಚ್ಚಿ ಕೂತಿದ್ದೀನಿ. ಅದ್ನ ಹೇಳವಾ ಅಂತ ಆಗ್ಲಿಂದ ಸಾರ್‌ಗೆ ಮಾಡ್ತಾನೇ ಇದ್ದೀನಿ, ಅವ್ರ ಫೋನು ಬಿಜಿ ಬಿಜಿ ಅಂತದೆ. ಯಾರತ್ರ ಮಾತಾಡ್ತಿದ್ರು?” ನಾನು ಕೇಳಿಸದವನಂತೆ ಬರೆಯುತ್ತಲೇ ಇದ್ದೆ.

ಬರೆದು ಮುಗಿಸಿದೆ. ಪ್ರೋಗ್ರಾಂ ಮುಚ್ಚಿದೆ. ಸರ್ವರ್ ಮಲಗು ಎಂದೆ. ಅದು ಸಾವಧಾನವಾಗಿ ಒಂದೊಂದೇ ಹಸಿರು ದೀಪ ಆರಿಸಿ, ನಿಟ್ಟುಸಿರು ಬಿಟ್ಟು ಮಲಗಿತು. ಅದರ ಬೆನ್ನಿಗೇ ಯುಪಿಎಸ್ ಕೊನೆಯದಾಗಿ ಒಮ್ಮೆ ಕೂಗಿ ಸುಮ್ಮನಾಯಿತು. ಅಬ್ಬಾ, ಆ ನಿಶ್ಶಬ್ದ! ಮಳೆಯ ಸದ್ದು ಆಗಲೇ ನನ್ನ ಕಿವಿಗೆ ಬಿದ್ದದ್ದು. ಸಿದ್ದರಾಜುವನ್ನು ಕರೆದುಕೊಂಡು ಮಹಡಿ ಹತ್ತಿದೆ. ಡಾಕ್ಟರಮ್ಮ ಕತ್ತಲಲ್ಲಿ ಕನ್ನಡಕ ಹುಡುಕುತ್ತಾ, “ಓದಿ ಕಣ್ರೀ, ಬೆಳಿಗ್ಗೆ ನೋಡಿದ್ದೇ ಅಲ್ವಾ, ನೆನಪಿದೆ” ಎಂದರು. ನಾನು ಈಗಷ್ಟೇ ಬರೆದದ್ದರಿಂದ ಒಂದೊಂದು ಅಂಕಿಯನ್ನೂ ಶ್ಲೋಕ ಹೇಳಿದಂತೆ ಹೇಳಿದೆ. ಅವರು ಎಲ್ಲಕ್ಕೂ ತಲೆದೂಗಿ, ಮೊಬೈಲ್ ಬೆಳಕಿನಲ್ಲಿ ನಾನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದರು. “ಪರವಾಗಿಲ್ವೇ! ಸರ್ವರೂ ಉಳೀತು, ರಿಪೋರ್ಟೂ ಆಯ್ತು” ಎಂದರು. ಸಿದ್ದರಾಜು ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅಂಗಿಯೊಳಗೆ ತೂರಿಸಿಕೊಂಡು, ಕೈಮುಗಿದು ಮಳೆಯಲ್ಲೇ ಓಡಿದ. ಆ ದಿನ ಸಂಜೆ ನಾನು ಮನೆಯಲ್ಲಿ ಮೊಂಬತ್ತಿ ಬೆಳಕಿನಲ್ಲಿ ಈ ಕಥೆಯನ್ನು ಹೆಂಡತಿಗೆ ಎರಡು ಸಲ ಹೇಳಿದೆ. ಫ್ಯಾನಿನ ಭಾಗ ಬಿಟ್ಟು.

ಕೆಲವು ದಿನಗಳಾದ ಮೇಲೆ ಸಿದ್ದರಾಜು ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದ. ನಾನು ಹೊಗಳಿಕೆಗೆ ಸಿದ್ಧನಾಗಿ ಕುರ್ಚಿ ಎಳೆದುಕೊಂಡು, ಡಾಕ್ಟರಮ್ಮನೂ ಕೆಳಗೆ ಬಂದಿರುವುದನ್ನು ಖಚಿತಪಡಿಸಿಕೊಂಡು, “ಏನಪ್ಪಾ, ಆಪರೇಷನ್ ಹೇಗಾಯಿತು?” ಎಂದು ಗಟ್ಟಿಯಾಗಿ ಕೇಳಿದೆ.

“ಚೆಂದಾಗಾಯ್ತು ಸಾ. ಈಗ ಉಂಡು ತಿಂದು ಮಾಡ್ತಾವ್ಳೆ. ಕಲ್ನ ಸೀಸೆಗೆ ಹಾಕಿ ಕೊಟ್ಟವ್ರೆ, ಬಂದೋರ್ಗೆಲ್ಲ ತೋರಿಸ್ತಾವ್ಳೆ” ಎಂದ. ಆಮೇಲೆ ತಲೆ ಕೆರೆದುಕೊಂಡ. “ಆದ್ರೆ ಸಾ, ನಿಮ್ಮ ಕಾಗ್ದ...”

“ಏನಾಯಿತು ಕಾಗದಕ್ಕೆ? ನೆನೆಯಿತೇ?”

“ನೆನೀಲಿಲ್ಲ ಸಾ, ಬೆಚ್ಚಗಿತ್ತು. ಅಲ್ಲಿ ದೊಡ್ ಡಾಕ್ಟ್ರು ಅದ್ನ ಇಂಗೆ ತಿರ್ಗುಸುದ್ರು, ಅಂಗೆ ತಿರ್ಗುಸುದ್ರು. ಇನ್ನೊಬ್ರು ಡಾಕ್ಟ್ರ ಕರುದ್ರು. ಅವ್ರೂ ನೋಡುದ್ರು. ಕಡೀಕೆ, ‘ಅಲ್ಲಯ್ಯಾ, ನಾವು ಡಾಕ್ಟ್ರುಗಳು ಬರ್ದಿದ್ದೆಲ್ಲಾ ಓದಿದ್ದೀವಿ, ಇದು ಮಾತ್ರ ನಮ್ ಕೈಲಾಗಲ್ಲ’ ಅಂದ್ಬುಟ್ರು. ಇಲ್ಲಿಗೆ ಪೋನ್ ಮಾಡುದ್ರೆ ಬಿಜಿ ಬತ್ತು.”

“ಆಮೇಲೆ?”

“ಆಮೇಲೇನ್ ಸಾ, ಇನ್ನೊಂದ್ ಸಲ ರಕ್ತ ತಕ್ಕಂಡ್ರು.”

“ಮಾದಮ್ಮ ಒಪ್ಪಿದಳಾ?”

“ಎಲ್ಲೊಪ್ಪದು ಸಾ! ನಿಮ್ಮುನ್ನ ಬೈಯಾಕ್ ಸುರು ಮಾಡುದ್ಳು. ಅದೇನ್ ಬೈದ್ಳು ಸಾ, ವಾರ್ಡೆಲ್ಲಾ ಎದ್ ಕುಂತ್ಕತ್ತು. ಆ ಕ್ವಾಪದಲ್ಲಿ ಸೂಜಿ ಓಗಿದ್ದೂ ಗೊತ್ತಾಗ್ನಿಲ್ಲ, ಬಂದಿದ್ದೂ ಗೊತ್ತಾಗ್ನಿಲ್ಲ. ಅದ್ಕೇಯ ನಿಮ್ಗೆ ಬಾಳೆಹಣ್ ಕೊಟ್ಬುಟ್ಟು ಬಾ ಅಂದ್ಳು.”

ಶೋಭಾ ಸರ್ವರ್ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ನಗು ಕೇಳಿಸುತ್ತಿತ್ತು. ಡಾಕ್ಟರಮ್ಮ ನಗಲಿಲ್ಲ. ನನ್ನ ಮುಖವನ್ನೇ ನೋಡಿ, ಒಂದು ಬಾಳೆಹಣ್ಣು ಮುರಿದುಕೊಂಡು ಮಹಡಿ ಹತ್ತಿದರು.

ಈಗ ಪ್ರಿಂಟರಿಗೂ ಬೇರೆ ಯುಪಿಎಸ್ ಬಂದಿದೆ. ಸರ್ವರ್ ಮಲಗಿಸುವ ಕ್ರಮವೂ ಸ್ವಲ್ಪ ಬದಲಾಗಿದೆ. ಕರೆಂಟ್ ಹೋದ ತಕ್ಷಣ ಮೊದಲು ಮ್ಯಾನೇಜರ ಕೈಯಿಂದ ಪೆನ್ನು ತೆಗೆದುಕೊಳ್ಳಬೇಕು. ಆಮೇಲೆ ಹನೂರು, ಆಮೇಲೆ ಯಳಂದೂರು, ಕೊನೆಗೆ ಸರ್ವರ್. ಡಾಕ್ಟರಮ್ಮನ ಆಜ್ಞೆ. ಶೋಭಾ ಇದುವರೆಗೆ ಒಂದು ಸಲವೂ ತಪ್ಪಿಸಿಲ್ಲ.